ಕೂಗಿಗೆ ಮುಂಚಿನ ಎರಡು ಸೆಕೆಂಡು

ನೊಣ ಪರದೆಯ ಎಂಟು ಸಾವಿರದ ಮೇಲೆ ಕೂತಿದೆ, ಅಲ್ಲಿಂದೆದ್ದು ಹನ್ನೆರಡು ಸಾವಿರಕ್ಕೆ ಹತ್ತಿ ಕೈಕಾಲು ಉಜ್ಜಿಕೊಳ್ಳುತ್ತಿದೆ, ಏನು ಗತ್ತು ನೋಡು ಇದಕ್ಕೆ, ಮನುಷ್ಯರ ಗಂಟಲು ಮುಟ್ಟಲಾರದ ಎತ್ತರದಲ್ಲಿ ಹೋಗಿ ಕೂತು ಮೀಸೆ ತಿರುವುತ್ತದೆ — ಉಫ್ ಅಂತ ಊದಿದಳು ಅನು, ಜಪ್ಪಯ್ಯ ಅನ್ನಲಿಲ್ಲ, ತೊಡೆ ಮೇಲಿನ ಲ್ಯಾಪ್‌ಟಾಪನ್ನು ಒಂಚೂರು ಅಲ್ಲಾಡಿಸಿದಳು, ಹಾರಿತು, ಹಾರಿ ಕುರಿಗಳ ಕಡೆಗೇ ಹೋಯಿತು, ಹೋಗಲಿ, ಅದಾದರೂ ಅವುಗಳ ಜೊತೆ ಇರಲಿ, ಐದು ಗಂಟೆವರೆಗೆ. ಪರದೆ ಮೇಲೆ ತಾತನ ಕೂಗು ಬಿದ್ದುಕೊಂಡಿದೆ. ಎಡದಿಂದ ಬಲಕ್ಕೆ ಹೊತ್ತು, ಕೆಳಗಿಂದ ಮೇಲಕ್ಕೆ ಸ್ವರದ ಎತ್ತರ, ಸಾವಿರ ಸಾವಿರ ಹರ್ಟ್ಸಿನ ಲೆಕ್ಕದಲ್ಲಿ, ಕೆಳಗೆ ದಪ್ಪ ಸ್ವರ, ಮೇಲೆ ಕೀರಲು, ಜೋರಿದ್ದ ಕಡೆ ಹಳದಿ, ಮೆಲ್ಲಗಿದ್ದ ಕಡೆ ನೇರಳೆ, ಏನೂ ಇಲ್ಲದ ಕಡೆ ಕಪ್ಪು — ಸದ್ದನ್ನು ಚಿತ್ರ ಮಾಡಿ ತೋರಿಸುವ ಪ್ರೋಗ್ರಾಮು, ಕೈಗೆ ಬ್ರಷ್ಷು ಕೊಡುತ್ತದೆ, ರಬ್ಬರು ಕೊಡುತ್ತದೆ, ಬೇಕಾದ್ದು ಉಳಿಸಿಕೋ ಬೇಡದ್ದು ಅಳಿಸು ಅನ್ನುತ್ತದೆ. ಅಳಿಸಿದ್ದಾಳೆ. ಮೂರು ದಿನ ಕೂತು, ಕಣ್ಣು ಕೆಂಪಗೆ ಮಾಡಿಕೊಂಡು ಅಳಿಸಿದ್ದಾಳೆ, ಗಾಳಿ ಅಳಿಸಿದಳು, ಹನಗೋಡಿನ ಬಸ್ಸು ಅಳಿಸಿದಳು, ಯಾರದೋ ಪಂಪ್‌ಸೆಟ್ಟಿನ ಗುಂಯ್‌ಗುಡೋದನ್ನು ಗೆರೆ ಹಿಡಿದು ಒರೆಸಿದಳು, ತಾತನ ಕೂಗೊಂದನ್ನೇ ಬಿಟ್ಟು ಮಿಕ್ಕಿದ್ದೆಲ್ಲ ಕಪ್ಪು, ಆ ಕಪ್ಪಿನ ಮೇಲೆ ಉದ್ದಕ್ಕೆ ಒಂದರ ಮೇಲೊಂದು ಹಳದಿ ಗೆರೆ, ಕರೀ ಕಂಬಳಿಗೆ ಅಂಚು ನೇಯ್ದ ಹಾಗೆ. ಅಂಥಾ ಚೆಂದದ ಕೂಗಿಗೆ ಬೆಳಿಗ್ಗೆ ಒಂದು ಕುರಿಯೂ ಕತ್ತೆತ್ತಿ ನೋಡಲಿಲ್ಲ.

ಒಂದು ಅಂದರೆ ಒಂದು. ಹೊಳೆ ದಂಡೆಯ ಈ ಬೀಳಿನಲ್ಲಿ ನಲವತ್ತೆರಡು ಮೇಯುತ್ತಿದ್ದವು, ಇದೇ ಹೊಂಗೆ ಮರದ ಕೊಂಬೆಗೆ ಬ್ಲೂಟೂತ್ ಸ್ಪೀಕರ್ ನೇತುಹಾಕಿ, ಅಪ್ಪ ಈಗ ನೋಡು ಅಂದಳು, ಒತ್ತಿದಳು, ಹೋಓಓಓ ಅಂತ ತಾತನ ಸ್ವರ ಬಯಲಿಗೆಲ್ಲ ಹರಡಿತು, ಏನು ತುಂಬಿದ ಸ್ವರ, ಮೈಯಲ್ಲಿ ಜುಮ್ಮೆಂದಿತು ಅವಳಿಗೇ, ಮನೆಬಾಗಿಲಲ್ಲಿದ್ದ ಅಜ್ಜಿ ಸೆರಗು ಬಾಯಿಗಿಟ್ಟುಕೊಂಡಳು, ಮೂರು ತಿಂಗಳಾದ ಮೇಲೆ ಗಂಡನ ದನಿ ಕೇಳುತ್ತಿರೋದು, ಕುರಿಗಳು ಮಾತ್ರ ಕೇಳಿಸಿಯೇ ಇಲ್ಲ ಅನ್ನೋ ಹಾಗೆ ಹುಲ್ಲು ಕೀಳುತ್ತಲೇ ಇದ್ದವು. ಮೋಟುಕಿವಿ ಕೂಡ. ಮಂದೆಗೆ ಮುಂದಾಳು ಅದು, ಮರಿಯಿದ್ದಾಗ ನಾಯಿ ಕಡಿದು ಎಡಗಿವಿ ಅರ್ಧ ಹೋಗಿದೆ, ಉಳಿದ ಕುರಿಗಳ ಕಿವಿ ಜೋಲು, ಇದರ ಆ ಅರ್ಧ ಕಿವಿ ಮಾತ್ರ ತಾತ ಕರೆದ ತಕ್ಷಣ ನೆಟ್ಟಗೆ ಎದ್ದು ನಿಲ್ಲುತ್ತದೆ, ಅದು ಎದ್ದರೆ ಮಂದೆ ಎದ್ದಂತೆ. ಬೆಳಿಗ್ಗೆ ಅದೂ ಏಳಲಿಲ್ಲ. ಏನಮ್ಮಿ, ನಿನ್ ಕಂಪ್ಯೂಟ್ರು ಕುರಿ ಭಾಷೆ ಪಾಸಾಗಿಲ್ವಾ ಅಂದ ಶಶಿ, ಅಣ್ಣ ಅಂತ ಒಬ್ಬ, ಲಗೇಜ್ ಆಟೋ ಮೇಲೆ ಕಾಲುಚಾಚಿ ಕೂತು. ಪಕ್ಕದ ಹೊಲದ ಮಾದೇಶ ಬೇಲಿ ಆಚೆಯಿಂದ, ಒಳ್ಳೆ ಪಿಕ್ಚರ್ ಸಾಂಗ್ ಆಕು ಕಣಮ್ಮಿ, ಅದ್ಕಾರಾ ಬಂದಾವು, ಅಂತ ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪ ನಗಲಿಲ್ಲ, ಅದೇ ಕಷ್ಟವಾದ್ದು, ನಕ್ಕಿದ್ದರೆ ಬೈಯಬಹುದಿತ್ತು, ಅಪ್ಪ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡು ಫೋನ್ ತೆಗೆದು, ಬೆಟ್ಟಸ್ವಾಮಣ್ಣ, ಐದ್ ಗಂಟ್ಗೆ ಟೆಂಪೋ ತಗಂಡ್ ಬಂದ್ಬುಡಪ್ಪ, ಎಲ್ಲಾನೂ ಏರುಸ್ಬುಡನ ಅಂದ.

ಎಲ್ಲಾನೂ. ನಲವತ್ತೆರಡನ್ನೂ. ಈಗ ನಾಲ್ಕು ದಾಟಿತು. ಟೆಂಪೋದವನಿಗೆ ದಾರಿ ತೋರಿಸೋಕೆ ಅಪ್ಪ ರಸ್ತೆಗೆ ಹೋಗಿದ್ದಾನೆ, ಏರಿಸೋಕೆ ಆಳು ಬೇಕಲ್ಲ ಅಂತ ಶಶಿಯನ್ನು ಇಲ್ಲೇ ಬಿಟ್ಟಿದ್ದಾನೆ, ತಾತ — ತಾತ ಅಗೋ, ಕುರಿ ಕೂಡುವ ರೊಪ್ಪದ ಪಕ್ಕದ ಕಲ್ಲಿನ ಮೇಲೆ, ಕುರಿಗಳಿಗೆ ಬೆನ್ನು ಹಾಕಿ ಕೂತಿದ್ದಾನೆ. ಸಣ್ಣಬೀರಯ್ಯ ಅಂದರೆ ಹೊಳೆ ಆಚೆ ಊರಲ್ಲೂ ಗೊತ್ತು, ಬೀರಯ್ಯ ಒಂದು ಕೂಗು ಹಾಕಿದ್ರೆ ಕಾಡಂಚಲ್ಲಿರೋ ಕುರಿನೂ ಮನೇಗ್ ಬತ್ತದೆ ಅನ್ನೋರು, ಅಂಥವನ ಗಂಟಲಲ್ಲಿ ಗಡ್ಡೆ ಆಯಿತು, ಮೈಸೂರಿನಲ್ಲಿ ತೆಗೆದರು, ತೆಗೆದ್ರೆ ಸ್ವರ ಹೋದ್ರೂ ಹೋಗ್ಬೋದು ಅಂತ ಡಾಕ್ಟರಮ್ಮ ಮೊದಲೇ ಕೂರಿಸಿಕೊಂಡು ಹೇಳಿದ್ದರು, ಜೀವ ಇದ್ರೆ ಸಾಕು ಬುಡಿ ತಾಯಿ ಅಂದದ್ದೂ ತಾತನೇ. ಜೀವ ಉಳಿಯಿತು. ಸ್ವರ ಹೋಯಿತು. ಈಗ ಬಾಯಿ ತೆಗೆದರೆ ಬರೀ ಉಸಿರು ಬರುತ್ತದೆ, ಮೊದಲ ವಾರ ಕೂಗೋಕೆ ನೋಡಿದ, ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಸದ್ದು ಬರಲಿಲ್ಲ, ಅವತ್ತಿಂದ ಕತ್ತಿಗೆ ಟವೆಲು ಸುತ್ತಿಕೊಂಡು ಕುರಿಗೆ ಬೆನ್ನು ಹಾಕಿ ಕೂತವನು ಒಂದು ದಿನವೂ ಅವುಗಳ ಕಡೆ ತಿರುಗಿಲ್ಲ. ಕುರಿಗಳು ಅಪ್ಪನ ಕೂಗು ಕೇಳಲಿಲ್ಲ, ಶಶಿಯ ಶಿಳ್ಳೆ ಕೇಳಲಿಲ್ಲ, ಹೋದ ವಾರ ಬೇಲಿ ನುಗ್ಗಿ ಮಾದೇಶನ ಹೊಗೆಸೊಪ್ಪಿನ ಸಸಿ ಮಡಿಗೆ ಹೋದವು, ತಿನ್ನಲಿಲ್ಲ, ಕುರಿ ಅದನ್ನು ತಿನ್ನೋದಿಲ್ಲ, ತುಳಿದವು, ಇಷ್ಟಿಷ್ಟೇ ಮೇಲೆದ್ದ ಸಸಿಯನ್ನೆಲ್ಲ ಗೊರಸಲ್ಲಿ ಮಣ್ಣು ಮಾಡಿ ಹಾಕಿದವು. ಮಾದೇಶ ಕುಣಿದಾಡಿಬಿಟ್ಟ, ಅವನದೂ ಸುಳ್ಳಲ್ಲ, ವರ್ಷದ ಬೆಳೆ ಅದು. ಅವತ್ತು ಸಂಜೆ ಅಪ್ಪ ಅಂದ, ಕರೆಯೋರಿಲ್ದಿದ್ ಮ್ಯಾಲೆ ಮಂದೆ ಯಾಕೆ, ಮಾರ್ಬುಡನ.

ಕರೆಯೋರಿಲ್ಲದೆ ಏನು, ನಾನಿಲ್ಲವಾ. ಅಂದಳು ಅದನ್ನ, ಅಂದೇ ಅಂದಳು, ನಾನ್ ಮೇಯುಸ್ತೀನಿ ಕಣಪ್ಪ. ಅಪ್ಪ ತಟ್ಟೆ ನೋಡಿಕೊಂಡು ಮುದ್ದೆ ಮುರಿಯುತ್ತಾ, ನಮ್ಮೋರಲ್ಲಿ ಹೆಣ್ಣೈಕ್ಳು ಮಂದೆ ಮುಂದ್ಕೆ ಓಗಲ್ಲ ಕಣಮ್ಮಿ, ರೊಪ್ಪ ಗುಡುಸ್ತಾರೆ, ಮರಿಗೆ ಆಲು ಕುಡುಸ್ತಾರೆ, ಮಂದೆ ಮುಂದೆ ಗಂಡ್ಸು ಇರ್ಬೇಕು ಅಂದ. ಯಾಕೆ. ಯಾಕೆ ಅಂದ್ರೆ ಅಂಗೇ. ಅಂಗೇ ಅಂತೆ! ಗುಡಿಸೋಕೆ ನಾನು, ಹಿಕ್ಕೆ ಬಾಚೋಕೆ ನಾನು, ಮುಂದೆ ನಡೆಯೋಕೆ ಶಶಿ, ಕುರಿ ನಾತ ಆಗಲ್ಲ ಅಂತ ಆಟೋ ತಗೊಂಡ ಶಶಿ, ಆಹಾ. ಸರಿ ಕಣಪ್ಪ, ಗಂಡಸೇ ಬೇಕು ಅಂದ್ರೆ ತಾತನ್ನೇ ಕರೆಸ್ತೀನಿ, ತಾತನ ಕೂಗು ನನ್ ಹತ್ರ ಐತೆ, ಮೂರ್ ದಿನ ಕೊಡು, ಕುರಿ ಬರ್ಲಿಲ್ಲ ಅಂದ್ರೆ ಮಾರು, ನಾನೇ ಒಂದೊಂದನ್ನೂ ಟೆಂಪೋಕ್ಕೆ ಎತ್ತಿ ಆಕ್ತೀನಿ ಅಂದುಬಿಟ್ಟಳು, ಎಲ್ಲರ ಮುಂದೆ, ಏನು ದೊಡ್ಡ ಬಾಯಿ. ಈಗ ಎತ್ತಿ ಹಾಕು. ಮೋಟುಕಿವಿಯನ್ನು ಮೊದಲು ಎತ್ತುತ್ತೀಯೋ ಕೊನೆಗೆ ಎತ್ತುತ್ತೀಯೋ.

ಎತ್ತಲ್ಲ. ಇನ್ನೂ ಐವತ್ತು ನಿಮಿಷ ಇದೆ, ಯಾವಳು ಎತ್ತುತ್ತಾಳೆ. ಎಲ್ಲಿ ತಪ್ಪಿದೆ ನೋಡು ಅನು, ತಲೆ ಉಪಯೋಗಿಸು, ಇದು ನಿನ್ನ ವಿದ್ಯೆ, ಯಾರೂ ಕೊಟ್ಟದ್ದಲ್ಲ ನೀನೇ ಕಿತ್ತುಕೊಂಡದ್ದು. ಬಿಕಾಂ ಮುಗಿಸಿ ಹುಣಸೂರಿನ ಫೋಟೋ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಕತ್ತರಿಸುತ್ತಾ ಕೂತವಳಿಗೆ ಓನರು, ತಾಳಿ ಕಟ್ಟೋವಾಗ ಜನರೇಟರ್ ಸದ್ದು ಬಂದ್ಬುಟ್ಟದೆ, ತೆಗಿಯಮ್ಮ ಅಂದಿದ್ದರು, ಹೇಗೆ ತೆಗೆಯೋದು ಅಂತ ಹುಡುಕುತ್ತಾ ಹೋಗಿ ಈ ಚಿತ್ರದ ಮುಂದೆ ಬಂದು ನಿಂತಳು, ಅಯ್ಯೋ, ಸದ್ದು ಕಾಣುತ್ತದೆ! ಜನರೇಟರು ಕೆಳಗೆ ದಪ್ಪ ಪಟ್ಟೆ, ನಾದಸ್ವರ ಬಳುಕೋ ಗೆರೆ, ಬಳೆ ಮೇಲೆಲ್ಲೋ ಚುಕ್ಕಿ ಚುಕ್ಕಿ, ಅವತ್ತು ಊಟ ಮರೆತಳು. ಆಮೇಲೆ ಆನ್‌ಲೈನ್ ಕ್ಲಾಸು, ಇದ್ದ ಸದ್ದಿನಿಂದ ಇಲ್ಲದ ಸದ್ದು ಹುಟ್ಟಿಸೋದು, ಸಿನಿಮಾಕ್ಕೆ ನಾಟಕಕ್ಕೆ ಆಟಕ್ಕೆ — ಮರಿಯ ಒಂದು ಬ್ಯಾ ಅನ್ನೋದನ್ನು ಇಪ್ಪತ್ತು ಪಟ್ಟು ಎಳೆದರೆ ಬೆಟ್ಟ ನರಳಿದಂತೆ ಆಗುತ್ತದೆ, ಮಳೆ ಸದ್ದಿಗೆ ಬಾಗಿಲು ಕಿರುಗುಟ್ಟೋದರ ಆಕಾರ ತೊಡಿಸಿದರೆ ಮಳೆಯೇ ಬಾಗಿಲು ತೆಗೆದು ಒಳಗೆ ಬಂದಂತೆ, ಅಜ್ಜಿಯ ಬೀಸೋಕಲ್ಲನ್ನು ರೈಲು ಮಾಡಿದಳು, ರೈಲನ್ನು ಹುಲಿ ಮಾಡಿದಳು, ಅದನ್ನು ಅಜ್ಜಿ ಕೇಳಿ, ಥೂ, ವಯಸ್ಸಿಗ್ ಬಂದ ಎಣ್ಣು ಮನೇಲ್ ಕುಂತ್ಕಂಡು ದೆವ್ವ ತಯಾರು ಮಾಡ್ತಾವ್ಳೆ ಅಂತ ದೃಷ್ಟಿ ತೆಗೆದಳು. ತೆಗೆಯಲಿ. ನಾನು ಮಾಡೋದು ದೆವ್ವಾನೇ, ಹುಣಸೂರಿನಲ್ಲಿ ಯಾರೂ ಮಾಡದ ದೆವ್ವ.

ಆದರೆ ಕ್ಲಾಸಿನ ಸರ್ ಮೊದಲ ದಿನ ಹೇಳಿದ್ದೇನು, ಕೇಳಿ, ಸೌಂಡಲ್ಲಿ ಎರಡೇ ಜಾತಿ, ಸಿಗ್ನಲ್ಲು, ನಾಯ್ಸು, ಸಿಗ್ನಲ್ ಅಂದ್ರೆ ನಮಗೆ ಬೇಕಾದ್ದು, ನಾಯ್ಸ್ ಅಂದ್ರೆ ಬೇಡದ್ದು, ಮೊದಲು ಕ್ಲೀನ್ ಮಾಡೋದು ಕಲೀರಿ, ಕ್ರಿಯೇಟಿವಿಟಿ ಆಮೇಲೆ. ಎಷ್ಟು ಚೆನ್ನಾಗಿ ಬರೆದುಕೊಂಡಳು ನೋಟ್‌ಬುಕ್ಕಲ್ಲಿ, ಕೆಂಪು ಪೆನ್ನಲ್ಲಿ ಗೆರೆ ಬೇರೆ ಎಳೆದಳು. ತಾತನ ಕೂಗು ಕಳಿಸಿದಾಗ ಸರ್ ಉತ್ತರ ಬರೆದಿದ್ದರು, ಬ್ಯೂಟಿಫುಲ್ ವಾಯ್ಸ್, ಆದ್ರೆ ಟೂ ಡರ್ಟಿ, ಶುರುವಿನ ಕಸ ತೆಗೆದು ಮತ್ತೆ ಕಳಿಸಿ. ಎರಡು ವರ್ಷದ ಹಿಂದಿನ ರೆಕಾರ್ಡಿಂಗು ಅದು, ತಾತನ ಗಂಟಲು ನೆಟ್ಟಗಿದ್ದಾಗ ಇದೇ ಬೀಳಿನಲ್ಲಿ ಫೋನ್ ಹಿಡಿದು ತಾತನ ಮುಂದೆ ನಿಂತಿದ್ದಳು, ಕೂಗು ತಾತ ಅಂದರೆ ತಾತ ನಾಚಿಕೊಂಡ, ಕುರಿ ಮುಂದೆ ನಾಚದವನು ಫೋನ್ ಮುಂದೆ ನಾಚಿಕೊಂಡ, ತಡಿಯವ್ವ ತಡಿ ಅಂತ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ, ಬಾಯಲ್ಲಿ ಏನೇನೋ ಮಾಡಿದ, ಕೋಲು ಕುಟ್ಟಿ ನೋಡಿದ, ಆಮೇಲೆ ಕೂಗಿದ. ಶುರುವಿನ ಕಸ. ಪ್ರೋಗ್ರಾಮು ಅದನ್ನೇ ಕೇಳುತ್ತದೆ, ಕಸ ಯಾವುದು ಅಂತ ನನಗೆ ಒಂಚೂರು ಸ್ಯಾಂಪಲ್ ತೋರಿಸು, ಅಂಥದ್ದನ್ನೆಲ್ಲ ಉದ್ದಕ್ಕೂ ಹುಡುಕಿ ತೆಗೆದುಹಾಕುತ್ತೇನೆ ಅನ್ನುತ್ತದೆ, ಅದಕ್ಕೆ ಯಾರೂ ಮಾತಾಡದ ಖಾಲಿ ಜಾಗ ಬೇಕು, ಅವಳು ತೋರಿಸಿದ್ದು ಕೂಗಿಗೆ ಮುಂಚಿನ ಎರಡು ಸೆಕೆಂಡು, ತಾತ ಇನ್ನೂ ಶುರುಮಾಡಿಲ್ಲವಲ್ಲ ಅಂತ.

ತಾತ ಇನ್ನೂ ಶುರುಮಾಡಿಲ್ಲ. ಇನ್ನೂ. ಯಾರ ಲೆಕ್ಕದಲ್ಲಿ ಶುರುಮಾಡಿಲ್ಲ? ತಡಿ. ಬೇಡದ್ದು ಅಂದರು ಸರ್ — ಯಾರಿಗೆ ಬೇಡದ್ದು? ಸರ್‌ಗೆ ಬೇಡದ್ದು, ಸಿನಿಮಾ ನೋಡೋರಿಗೆ ಬೇಡದ್ದು, ಸರಿ, ತಾತ ಕೂಗಿದ್ದು ಸಿನಿಮಾ ನೋಡೋರಿಗಾ? ಚಿಕ್ಕಂದಿನಲ್ಲಿ ತಾತನ ಹೆಗಲ ಮೇಲೆ ಕೂತು ಹೋಗುತ್ತಿದ್ದವಳು ಅವಳು, ಹೆಣ್ಣೈಕಳು ಹೋಗಬಾರದು ಅಂತ ಅಪ್ಪನಿಗೆ ನೆನಪಾಗೋ ಮುಂಚಿನ ಮಾತು, ಕಂಬಳಿಯ ಉಣ್ಣೆ ತೊಡೆಗೆ ಚುಚ್ಚುತ್ತಿತ್ತು, ತಾತ ಕೂಗೋಕೆ ಮುಂಚೆ ಅವಳಿಗೆ ಗೊತ್ತಾಗಿಬಿಡುತ್ತಿತ್ತು, ಹೇಗೆ, ಹೇಗೆ ಗೊತ್ತಾಗುತ್ತಿತ್ತು, ತಾತನ ಎದೆ ಸುಯ್ ಅಂತ ಮೂಗಲ್ಲಿ ಎಳೆದುಕೊಳ್ಳುತ್ತಿತ್ತು, ಅವಳು ಒಂದಿಷ್ಟು ಮೇಲಕ್ಕೆ ಹೋಗೋಳು, ಆಮೇಲೆ ನಾಲಿಗೆ, ಆಮೇಲೆ ಕೋಲು, ಆಗಲೇ ಅವಳು ಎರಡೂ ಕಿವಿ ಮುಚ್ಚಿಕೊಳ್ಳೋಳು, ಮುಚ್ಚಿಕೊಂಡು ನೋಡಿದರೆ ಕುರಿಗಳೆಲ್ಲ — ಕುರಿಗಳೆಲ್ಲ ಆಗಲೇ ಕತ್ತೆತ್ತಿ ಇತ್ತ ನೋಡುತ್ತಾ ಇರುತ್ತಿದ್ದವು. ಆಗಲೇ. ಹೋಓಓ ಅನ್ನೋಕೆ ಮುಂಚೆ. ಅಯ್ಯೋ ನನ್ನ ಪೆದ್ದು ಮುಂಡೇದೆ, ಆ ಹೋಓಓ ಕುರಿಗಲ್ಲವೇ ಅಲ್ಲ, ಅದು ಊರಿಗೆ, ಹೊಳೆಯಾಚೆಯವರಿಗೆ, ಬೀರಯ್ಯ ಮಂದೆ ತಿರುಗಿಸಿದ ಅಂತ ಗೊತ್ತಾಗೋಕೆ, ಕುರಿಗೆ ಹೇಳಬೇಕಾದ್ದನ್ನು ಅವನು ಅಷ್ಟೊತ್ತಿಗೆ ಹೇಳಿ ಮುಗಿಸಿರುತ್ತಿದ್ದ.

ಮೂಲ ಫೈಲು ಇದೆಯಾ, ಇದೆ, ದೇವರು ದೊಡ್ಡವನು, ಮೂಲವನ್ನು ಯಾವತ್ತೂ ಒರೆಸಬೇಡಿ ಅಂತಲೂ ಸರ್ ಹೇಳಿದ್ದರು, ಅದೊಂದು ಮಾತಿಗೆ ಅವರ ಹೊಟ್ಟೆ ತಣ್ಣಗಿರಲಿ. ಅಲ್ಲೊಂದು ಗುಂಡಿ ಇದೆ ಪ್ರೋಗ್ರಾಮಿನಲ್ಲಿ, ಉಳಿದದ್ದನ್ನಲ್ಲ, ತೆಗೆದು ಬಿಸಾಕಿದ್ದನ್ನು ಮಾತ್ರ ಕೇಳಿಸು ಅನ್ನೋ ಗುಂಡಿ, ಒತ್ತಿದಳು, ಹೆಡ್‌ಫೋನನ್ನು ಎರಡೂ ಕೈಯಿಂದ ಅಮುಕಿ ಹಿಡಿದಳು. ಹಳದಿ ಗೆರೆಯೆಲ್ಲ ಮಾಯ, ನೇರಳೆ ಬಣ್ಣದ ಮಂಜು, ಪಂಪ್‌ಸೆಟ್ಟು ಇದೆ, ಬಸ್ಸು ಇದೆ, ಇರಲಿ ಬಿಡು, ಆ ಮಂಜಿನೊಳಗೆ — ಬಪ್, ಕಂಬಳಿ ಹೆಗಲಿಗೆ ಬಿದ್ದದ್ದು. ಸುಯ್, ಮೂಗಲ್ಲಿ ಎಳೆದ ಉಸಿರು, ಸೀರೆ ಸೆರಗಿನಷ್ಟು ಅಗಲಕ್ಕೆ ನೇರಳೆ. ಆಮೇಲೆ ಕೆಳಗಿಂದ ಮೇಲಿನ ತನಕ, ಎಂಟು ಸಾವಿರ, ಹನ್ನೆರಡು ಸಾವಿರ, ಆ ನೊಣ ಕೂತಿದ್ದ ಜಾಗವನ್ನೂ ದಾಟಿ, ನೆಟ್ಟಗೆ ನಿಂತ ಎರಡು ಸಣ್ಣ ಗೆರೆ, ಕೂದಲಿನಷ್ಟು ತೆಳ್ಳಗೆ, ಟೊಕ್, ಟೊಕ್, ತಾತನ ನಾಲಿಗೆ ಅಂಗುಳಿಗೆ ಹೊಡೆದದ್ದು. ಆಮೇಲೆ ನೆಲಕ್ಕೆ ಕೋಲು. ಇಷ್ಟೇ. ಮೂರು ದಿನ ಕೂತು ಅವಳು ತೊಳೆದು ತೆಗೆದದ್ದು ಇಷ್ಟನ್ನೇ, ಆ ಎರಡು ಗೆರೆಯನ್ನಂತೂ ರಬ್ಬರು ಹಿಡಿದು ಒಂದೊಂದಾಗಿ, ನಾಲಿಗೆ ಕಚ್ಚಿಕೊಂಡು, ಎಂಥಾ ಶ್ರದ್ಧೆಯಿಂದ ಒರೆಸಿದ್ದಳು! ಅಳು ಬಂತು, ಸಿಟ್ಟೂ ಬಂತು, ಅಳೋಕೆ ಪುರಸೊತ್ತಿಲ್ಲ, ಅಳು ಆಮೇಲೆ. ಸ್ಪೀಕರ್ ಆನ್ ಮಾಡಿದಳು, ಪಂಪ್‌ಸೆಟ್ಟಿನ ಪಟ್ಟೆಯೊಂದನ್ನು ಕೆಳಗಿಂದ ಕತ್ತರಿಸಿದಳು, ಮಿಕ್ಕ ಕಸವನ್ನು ಕಸದ ಹಾಗೇ ಬಿಟ್ಟಳು.

ಶಶಿ ಹಲ್ಲು ಕಿರಿದು, ಓ ಮತ್ತೆ ಸುರುವಾಯ್ತಾ ಅಂದ, ಅವಳು ತಿರುಗಿ ನೋಡಲಿಲ್ಲ, ಒತ್ತಿದಳು. ಬಪ್. ಸುಯ್. ಟೊಕ್ ಟೊಕ್ — ಮೋಟುಕಿವಿಯ ಅರ್ಧ ಕಿವಿ ಎದ್ದು ನಿಂತಿತು. ತಲೆ ಏಳೋಕೆ ಮುಂಚೆ ಕಿವಿ ಎದ್ದಿತು, ಆಮೇಲೆ ತಲೆ, ಬಾಯಲ್ಲಿ ಅರ್ಧ ಅಗಿದ ಗರಿಕೆ, ಅದರ ಹಿಂದೆ ಇನ್ನೊಂದು ತಲೆ, ಮತ್ತೊಂದು, ಹುಲ್ಲು ಕೀಳುವ ಸದ್ದು ಬಯಲಿಗೆ ಬಯಲೇ ನಿಂತುಹೋಯಿತು, ಎಂಥಾ ಸದ್ದಿಲ್ಲದ ಸದ್ದು ಅದು, ಕೋಲಿನ ಕುಟ್ಟು ಬಿದ್ದದ್ದೇ ತಡ ಮೋಟುಕಿವಿ ಮರದ ಕಡೆಗೆ ಹೊರಟಿತು, ಹಿಂದೆ ನಲವತ್ತೊಂದು, ಧೂಳೆಬ್ಬಿಸಿಕೊಂಡು, ಬಂದು ಸ್ಪೀಕರಿನ ಕೆಳಗೆ ನಿಂತು, ಮೇಲೆ ನೋಡಿ, ಇಲ್ಲಿ ಯಾರೂ ಇಲ್ಲವಲ್ಲ ಅನ್ನೋ ಹಾಗೆ ಬ್ಯಾ ಅಂತು. ಅನು ಎದ್ದು ನಿಂತಿದ್ದಾಳೆ, ಯಾವಾಗ ಎದ್ದಳೋ, ಲ್ಯಾಪ್‌ಟಾಪು ಎದೆಗವಚಿಕೊಂಡಿದ್ದಾಳೆ ಕೂಸಿನ ಹಾಗೆ. ಶಶಿಯ ಬಾಯಿ ತೆರೆದದ್ದು ಮುಚ್ಚಿಲ್ಲ. ಆಮೇಲೆ ಮುಚ್ಚಿತು, ಮುಚ್ಚಿ ತೆರೆಯಿತು, ಸರಿ ಕಣಮ್ಮಿ, ಬಂದ್ವು, ಒಪ್ಕಂಡೆ, ಆದ್ರೆ ದಿನಾ ಸ್ಪೀಕರ್ ಒತ್ಕಂಡು ಮೇಯುಸ್ತೀಯಾ, ಹೊಳೆತಾವ ಚಾರ್ಜ್ ಮುಗುದ್ರೆ ಏನ್ ಮಾಡ್ತೀಯಾ, ಯೋಳು. ಏನಾದರೂ ಮಾಡ್ತೀನಿ ಕಣೋ, ನಿನ್ ತಲೆ ಮೇಲೆ ಸೋಲಾರ್ ಕಟ್ತೀನಿ ಅಂದಳು ಬಾಯಿಗೆ ಬಂದದ್ದು, ಆದರೂ ಅವನು ಕೇಳಿದ್ದು ಮುಳ್ಳು ಮುರಿದ ಹಾಗೆ ಒಳಗೆ ಉಳಿದುಕೊಂಡಿತು, ಯಾಕೆಂದರೆ ಅಪ್ಪನೂ ಅದನ್ನೇ ಕೇಳುತ್ತಾನೆ, ಡಬ್ಬ ನಂಬ್ಕಂಡು ಮಂದೆ ಕಟ್ಕಂಡಿರಕಾಯ್ತದಾ ಅನ್ನುತ್ತಾನೆ, ಮತ್ತೆ ಮೋಟುಕಿವಿ ನಾಲ್ಕು ದಿನ ಬರುತ್ತದೆ, ಐದನೇ ದಿನ ಮರದ ಕೆಳಗೆ ಯಾರೂ ಇಲ್ಲ ಅಂತ ಕಲಿತುಬಿಡುತ್ತದೆ, ಕುರಿ ಏನು ದಡ್ಡ ಪ್ರಾಣಿಯಲ್ಲ.

ಆದರೆ ಉಸಿರು. ಉಸಿರು, ನಾಲಿಗೆ, ಕೋಲು, ಕಂಬಳಿ. ಗಡ್ಡೆ ತೆಗೆದಾಗ ಹೋದದ್ದು ಸ್ವರ, ನಾಲಿಗೆ ಹೋಗಲಿಲ್ಲವಲ್ಲ, ಉಸಿರು ಹೋಗಲಿಲ್ಲವಲ್ಲ, ಚಿತ್ರದಲ್ಲಿ ಹಳದಿಯಷ್ಟೇ ಹೋಯಿತು, ಕುರಿಗೆ ಬೇಕಾದ್ದೆಲ್ಲ ಆ ಮನುಷ್ಯನ ಹತ್ತಿರ ಅಷ್ಟೂ ಹಾಗೇ ಇದೆ, ಹಾಗೇ ಇಟ್ಟುಕೊಂಡು ಬೆನ್ನು ಹಾಕಿ ಕೂತಿದ್ದಾನೆ ಮೂರು ತಿಂಗಳಿಂದ! ಓಡಿದಳು, ಚಪ್ಪಲಿ ಒಂದು ಅಲ್ಲೇ ಉಳಿಯಿತು, ತಾತನ ಮುಂದೆ ಕುಕ್ಕರಗಾಲಲ್ಲಿ ಕೂತು, ತಾತ, ಸ್ವರ ಬ್ಯಾಡ ಕಣ ತಾತ, ಅದುಕ್ ಮುಂಚೆ ಮಾಡ್ತಿದ್ದಲ್ಲ, ಅಷ್ಟೇ ಮಾಡು, ನಾಲ್ಗೇಲಿ ಟೊಕ್ ಅನ್ನು, ಕೋಲು ಕುಟ್ಟು, ಸಾಕು, ಅವು ಅದ್ನೇ ಕೇಳಾದು, ನಾನ್ ನೋಡ್ದೆ ತಾತ, ಚಿತ್ರದಲ್ಲಿ ನೋಡ್ದೆ. ತಾತ ಅವಳ ಮುಖ ನೋಡಿದ, ಇಷ್ಟಗಲ ಕಣ್ಣು, ಸ್ಪೀಕರಿನದು ಅವನಿಗೂ ಕೇಳಿಸಿದೆ, ಕುರಿ ಬಂದದ್ದೂ ಕಿವಿಗೆ ಬಿದ್ದಿದೆ, ಬೆನ್ನು ಹಾಕಿದ್ದರೇನು, ಕೈ ಎತ್ತಿ ಬೇಡ ಅನ್ನೋ ಹಾಗೆ ಆಡಿಸಿದ, ಕತ್ತಿನ ಟವೆಲು ಮುಟ್ಟಿಕೊಂಡು ತೋರಿಸಿದ, ಹೋಯಿತು ಅಂತ, ಮುಗೀತು ಅಂತ. ಮುಗಿದಿಲ್ಲ ಕಣ ತಾತ. ಮತ್ತೆ ಕೈ ಆಡಿಸಿದ. ಅವತ್ತು ಎಲ್ಲರ ಮುಂದೆ ಬಾಯಿ ತೆರೆದು ಸದ್ದು ಬರದೆ ನಿಂತವನು, ಇನ್ನೊಂದು ಸಲ ನಿಲ್ಲಲಾರ, ಅವಳಿಗೆ ಗೊತ್ತಾಗುತ್ತದೆ, ಗೊತ್ತಾದರೂ ಬಿಡಲಾರಳು, ಸರಿ, ನೀನ್ ಮಾಡ್ಬ್ಯಾಡ, ಕೂತ್ಕೋ ಇಂಗೇ ಬೆನ್ನಾಕ್ಕಂಡು, ಟೆಂಪೋ ಬರ್ಲಿ, ನಾನೇ ಮಂದೆ ಮುಂದೆ ನಿಂತು ಟೊಕ್ ಅಂತೀನಿ, ಬಂದ್ರೆ ಬಂದ್ವು, ಬರ್ದಿದ್ರೆ ನಾಳೆ ಕಲ್ತು ಅಂತೀನಿ, ನಾಡಿದ್ದು ಅಂತೀನಿ, ನಮ್ಮೋರಲ್ಲಿ ಎಣ್ಣು ಮುಂದೆ ಓಗಲ್ಲ ಅಂತ ಅಪ್ಪ ಅಂದ್ರೆ ಓದವ್ಳು ಇವ್ಳೊಬ್ಳು ಅಂತ ನೀನೇ ಯೋಳು ಅಂತ ಎದ್ದು ಬಂದಳು.

ಬಂದು ಮರದ ಕೆಳಗೆ ಕೂತು ಸ್ಪೀಕರ್ ಆಫ್ ಮಾಡಿದಳು. ಮೈಕಿಗೆ ಒತ್ತಿದಳು, ರೆಕಾರ್ಡಾಗಲಿ, ಏನಾಗುತ್ತದೋ ಅದೆಲ್ಲ ಆಗಲಿ, ಇದರಲ್ಲಿ ಒಂದು ಚುಕ್ಕೆ ಅಳಿಸೋದಿಲ್ಲ ನಾನು, ಸರ್‌ಗೆ ಇದನ್ನೇ ಕಳಿಸೋದು, ಟೂ ಡರ್ಟಿ ಅನ್ನಲಿ, ನಿಮ್ಮ ಸಿಗ್ನಲ್ಲು ನಿಮ್ಮ ಹತ್ತಿರ ಇಟ್ಟುಕೊಳ್ಳಿ ಸರ್, ನಮ್ಮ ಮನೆ ನಿಂತಿರೋದು ನಿಮ್ಮ ಕಸದ ಮೇಲೆ ಅಂತ ಬರೆಯುತ್ತೇನೆ, ಬರೆಯುತ್ತೇನಾ, ಬರೆಯುತ್ತೇನೆ. ಕುರಿಗಳು ಆಗಲೇ ಬೇಸರಪಟ್ಟು ಚದುರಿವೆ, ಬೇಲಿ ಕಡೆಗೆ ನಾಲ್ಕು, ಮಾದೇಶನ ಮಡಿ ಕಡೆಗೆ ಎರಡು, ಮಾದೇಶ ಅಲ್ಲಿಂದಲೇ ಹೋಯ್ ಹೋಯ್ ಅಂತಿದ್ದಾನೆ, ಹೋಯ್ ಅನ್ನೋದು ಹಳದಿ ಚೂರಾಗಿ ಪರದೆ ಮೇಲೆ ಬಿತ್ತು, ಹುಲ್ಲು ಕೀಳೋದು ನೇರಳೆ ಪುಡಿ, ಎಡಕ್ಕೆ ಸರಿದು ಹೋಗುತ್ತಿದೆ ಚಿತ್ರ, ಬಲದಿಂದ ಹೊಸದು ಬರುತ್ತಿದೆ — ಕೆಳಗೆ, ತೀರ ಕೆಳಗೆ, ಇದೇನಿದು ದಪ್ಪ ಪಟ್ಟೆ, ಈಗ ಹುಟ್ಟಿ ಅಗಲವಾಗುತ್ತಾ ಇದೆ, ಕಿವಿಗೆ ಮುಂಚೆ ಕಣ್ಣಿಗೆ ಗೊತ್ತಾಯಿತು, ಟೆಂಪೋ. ರಸ್ತೆಯಿಂದ ಮಣ್ಣುದಾರಿಗೆ ಇಳಿದಿದೆ, ಗೇರು ಬದಲಾಯಿಸಿತು, ಪಟ್ಟೆ ಮೇಲಕ್ಕೊಂದು ಮೆಟ್ಟಿಲು ಹತ್ತಿತು, ಅಪ್ಪ ಮುಂದೆ ನಡೆದು ಕೈ ತೋರಿಸುತ್ತಾ ಬರುತ್ತಿದ್ದಾನೆ, ಶಶಿ ಎದ್ದು ಪ್ಯಾಂಟು ಕೊಡವಿಕೊಂಡ, ಪಟ್ಟೆ ನೇರಳೆಯಿಂದ ಕೆಂಪಾಗಿ ಕೆಂಪಿನಿಂದ ಹಳದಿಯಾಗಿ ಅರ್ಧ ಪರದೆ ನುಂಗಿತು, ಏಳು ಅನು, ಮಂದೆ ಮುಂದೆ ನಿಲ್ಲು, ನಾಲಿಗೆ ಒಣಗಿದೆ, ಅಂಗುಳಿಗೆ ಅಂಟಿಕೊಂಡಿದೆ, ಟೊಕ್ ಅನ್ನೋಕೆ ಹೋದರೆ ಬರುತ್ತಿಲ್ಲ, ಮತ್ತೆ, ಬರುತ್ತಿಲ್ಲ, ಏಳು — ಪರದೆ ಮೇಲೆ, ಟೆಂಪೋದ ಆ ಹಳದಿಯನ್ನೆಲ್ಲ ಸೀಳಿಕೊಂಡು, ಕೆಳಗಿಂದ ತುದಿಯ ತನಕ, ಕೂದಲಿನಷ್ಟು ತೆಳ್ಳಗೆ, ನೆಟ್ಟಗೆ ನಿಂತ ಎರಡು ಗೆರೆ.

ಸ್ಪೀಕರು ಆಫ್ ಇದೆ. ಅವಳ ನಾಲಿಗೆ ಬಾಯಲ್ಲೇ ಒಣಗಿದೆ. ಎರಡು ಗೆರೆ, ಅದರ ಹಿಂದೆಯೇ ದಪ್ಪನೆಯದೊಂದು, ಕೋಲು. ತಿರುಗಿ ನೋಡಬೇಕು ತಾತನ ಕಡೆ, ಕಲ್ಲಿನ ಕಡೆ, ನೋಡೋಕೆ ಧೈರ್ಯ ಬರುತ್ತಿಲ್ಲ, ಅವಳು ನೋಡುತ್ತಿರೋದು ಬೀಳಿನ ಕಡೆಗೆ, ಅಲ್ಲಿ ಧೂಳು, ಬಿಸಿಲು, ಟೆಂಪೋದ ಹಾರನ್ನು, ಅಪ್ಪ ದಾರಿ ಮಧ್ಯೆ ನಿಂತುಬಿಟ್ಟಿದ್ದಾನೆ ಕೈ ಹಾಗೇ ಮೇಲೆತ್ತಿಕೊಂಡು, ಮತ್ತೆ ಮೋಟುಕಿವಿ, ಬಾಯಲ್ಲಿ ಗರಿಕೆ ಹಾಗೇ ಇದೆ, ಮಾದೇಶನ ಬೇಲಿಗೆ ಇಟ್ಟ ಕಾಲು ಹಾಗೇ ಇದೆ, ಕಿವಿ, ನಾಯಿ ಕಡಿದು ಬಿಟ್ಟ ಆ ಅರ್ಧ ಕಿವಿ, ಎದ್ದಿದೆ, ನೆಟ್ಟಗೆ, ಕಲ್ಲಿನ ಕಡೆಗೆ, ತಾತನ ಕಡೆಗೆ, ಆ ಅರ್ಧ ಕಿವಿ.